ಉಜ್ಜಿದ ಮುಖ

“ಅಳಿಯಂದ್ರೇ, ಅದೊಂದನ್ನ ಮಾತ್ರ ಮುಟ್ಟಬೇಡಿ. ಆ ಸೈನಿಕನ ತಾಯಿ ಅದಕ್ಕೆ ಮಾಟ ಮಾಡಿಸಿದ್ದಾಳೆ.”

ಮಾವ ಕೈ ಅಡ್ಡ ಹಿಡಿದರು. ಅಳಿಯ ಕಿಸಕ್ಕನೆ ನಕ್ಕ. “ಮಾಟ ಮಾಡ್ಸಿದ್ರೆ ರೇಟು ಇನ್ನೂ ಏರುತ್ತೆ ಬಿಡಿ ಮಾವ!”

ಯುದ್ಧ ಗೆದ್ದು ಇಪ್ಪತ್ತೈದು ವರ್ಷವಾದ ನೆನಪಿಗೆ ಟಂಕಿಸಿದ ಬೆಳ್ಳಿ ನಾಣ್ಯ ಅದು. ಅದರ ಮೇಲೆ, ಹಳೆಯ ಫೋಟೋ ನೋಡಿ ಕೊರೆದ ಎಳೆ ಸೈನಿಕನ ಮುಖ. ಸತ್ತವನ ದೇಹ ಮನೆಗೆ ಬಂದಿರಲಿಲ್ಲ. ಮುಖ ಮಾತ್ರ ಅಂಗಡಿ ಅಂಗಡಿಗೂ ಬಂದಿತ್ತು. ಮಾವ ಕಪಾಟಿನ ಹಿಂದೆ ಬಚ್ಚಿಟ್ಟಿದ್ದನ್ನು ಅಳಿಯ ಗಾಜಿನ ಮುಂದಕ್ಕೇ ತಂದಿಟ್ಟ.

ಪಾತ್ರೆ ಅಂಗಡಿ ಮುಚ್ಚಿ ಮಾವನ ನಾಣ್ಯದಂಗಡಿಗೆ ಬಂದು ಕೂತವನು ಅವನು. ಹೊಳೆದದ್ದು ಮಾರಿಹೋಗುತ್ತದೆ ಎಂಬುದಷ್ಟೇ ಗೊತ್ತು. ಉಜ್ಜಿದರೆ ಬೆಲೆ ಬಿದ್ದುಹೋಗುತ್ತದೆ, ಹಳೆ ನಾಣ್ಯವನ್ನು ಉಜ್ಜಬಾರದೆಂಬ ಈ ಕಸುಬಿನ ಮೊದಲ ಪಾಠವೇ ತಲೆಗೆ ಹತ್ತಿರಲಿಲ್ಲ.

ಮರುದಿನ ಸಂಜೆ ಸೈನಿಕನ ತಾಯಿಯೇ ಬಂದಳು. ಗಾಜಿನ ಮೇಲೆ ಬೆರಳಿಟ್ಟಳು.

“ನನ್ ಮಗನ್ನ ಕೊಡಪ್ಪ. ಮಾರಬೇಡ.”

“ಸತ್ತೋರನ್ನ ವಾಪಸ್ ಕೊಡೋಕೆ ನಾನೇನು ಯಮನಾ ಅಜ್ಜಿ? ಗಿರಾಕಿ ಬರೋ ಹೊತ್ತು, ಸ್ವಲ್ಪ ಪಕ್ಕಕ್ಕೆ ಸರೀರಿ.”

ಅಜ್ಜಿ ಅಳಲಿಲ್ಲ. ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತಳು.

ಅವನು ನಾಣ್ಯವಿದ್ದ ಪ್ಲಾಸ್ಟಿಕ್ ಡಬ್ಬಿ ಒಡೆದು, ಕಪ್ಪಿಟ್ಟ ಬೆಳ್ಳಿಗೆ ಪಾಲಿಶ್ ಹಚ್ಚಿ ಉಜ್ಜತೊಡಗಿದ. ಕಪ್ಪು ಬಿಡುತ್ತಿದ್ದಂತೆ ಅಂಗಡಿಯ ತುಂಬ ಸಿಡಿಮದ್ದಿನ ಘಾಟು, ಸುಟ್ಟ ಕೂದಲಿನ ಕಮಟು. ದೀಪ ಆರಿತು. ಕೈ ನಿಲ್ಲಿಸಹೋದ. ನಿಲ್ಲಲಿಲ್ಲ. ಕತ್ತಲಲ್ಲಿ ಬಟ್ಟೆ ಸರಸರ ಓಡಿತು. ಬೆರಳಡಿ ಮೂಗು ಸವೆಯಿತು. ತುಟಿ ಸವೆಯಿತು. ಕಣ್ಣು ಸವೆಯಿತು. ಅವನ ಕೆನ್ನೆ ಉರಿಯತೊಡಗಿತು.

ದೀಪ ಬಂತು. ನಾಣ್ಯ ಬೋಳು ಬೋಳು.

ಬಾಗಿಲಲ್ಲಿ ಅವನ ಪುಟ್ಟ ಮಗಳು, ತಾತನ ಕೈ ಹಿಡಿದು ನಿಂತಿದ್ದಳು. ದಿನಾ ಓಡಿಬಂದು ಕೊರಳಿಗೆ ಜೋತುಬೀಳುವವಳು ತಾತನ ಹಿಂದೆ ಅವಿತಳು.

“ತಾತಾ, ಇದ್ಯಾರು? ಅಪ್ಪ ಎಲ್ಲಿ?”

“ಪುಟ್ಟೀ, ನಾನು ಕಣೇ!”

ಬಂದದ್ದು ಯಾರೋ ಹುಡುಗನ ದನಿ. ಗಾಜಿನಲ್ಲಿ ಇಣುಕಿದ. ಅಲ್ಲಿಂದ ಸೈನಿಕ ಇಣುಕಿದ. ಮಾವ ಮೊಮ್ಮಗಳನ್ನು ಬಾಚಿ ಎತ್ತಿಕೊಂಡು ಬೀದಿಗೆ ಓಡಿದರು.

ಅಜ್ಜಿ ಒಳಗೆ ಬಂದಳು. ಅವನ ಕೆನ್ನೆ ಸವರಿದಳು.

“ಈಗ ಮಾರು ನೋಡೋಣ ಈ ಮುಖಾನ.”

“ತಪ್ಪಾಯ್ತಮ್ಮಾ, ಬಿಟ್ಬಿಡಿ. ನನ್ ಮಗಳು...”

“ನಂಗೂ ಮಗ ಇದ್ದ. ಹಣೆಗೇ ಗುಂಡು ಬಿತ್ತಂತೆ, ಜೊತೆಗಿದ್ದೋರು ಹೇಳಿದ್ರು. ಮುಖ ಬಂದ್ಮೇಲೆ ಅದೂ ಬರ್ಬೇಕಲ್ಲಪ್ಪ?”

ಅವನ ಹುಬ್ಬುಗಳ ನಡುವೆ ಏನೋ ಬೆಚ್ಚಗೆ ಜಿನುಗಿತು.