ಮಂಚ ತಿರುಗಿಸಿದವಳು

"ಮತ್ತೆ ಕಾಲು ಕೆಳಗೆ! ಮಗ್ಗ ತುಳಿಯೋ ಹಂಗೆ ಮೇಲೆ ಕೆಳಗೆ ಮಾಡೋಕೆ ಇದೇನು ಆಟವಾ?"

ಹಿಂದೂಪುರದ ಆ ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡು ನರ್ಸ್ ಗಂಗಾದೇವಿಯ ದನಿಗೆ ಗಪ್‌ಚಿಪ್ಪಾಯಿತು. ತರಬೇತಿಯಲ್ಲಿ ಮೊದಲ ಸ್ಥಾನ ಪಡೆದವಳು. ಹೇಳಿದ್ದು ಕೇಳದ ರೋಗಿಗಳೆಂದರೆ ಅವಳಿಗೆ ತಾತ್ಸಾರ.

ಎದುರಿಗಿದ್ದ ನೇಕಾರ ವೆಂಕಟೇಶಪ್ಪನ ತಾತ್ಸಾರವೇನು ಕಡಿಮೆಯೇ?

"ನಮ್ಮವ್ವನ್ನ ನಂಗಿಂತ ನೀವು ಬಲ್ಲಿರಾ ಸಿಸ್ಟರಮ್ಮ? ತಲೆ ಮ್ಯಾಲೆ ಬಿಳಿ ಟೋಪಿ ಇಕ್ಕಂಡ್ರೆ ಎಲ್ಲಾ ಗೊತ್ತಾಗ್ಬುಡ್ತದಾ?"

"ನೀನು ಬಲ್ಲವನಾಗಿದ್ರೆ ಕಾಲಿಗೆ ಮುಳ್ಳು ಮುರಿದಾಗಲೇ ಕರ್ಕಂಡು ಬತ್ತಿದ್ದೆ. ಕೀವು ತುಂಬೋಗಂಟ ಕಾಯ್ತಿರ್ಲಿಲ್ಲ!"

ಅವನ ಕಣ್ಣು ತುಂಬಿತು. ಅವಳ ಮನಸ್ಸು ಏಕೋ ಕರಗಿತು... 'ಛೀ! ಈ ಒರಟನಿಗಾಗಿಯೇ?' ಎಂದು ತನ್ನನ್ನೇ ಹೀಯಾಳಿಸಿಕೊಂಡಳು.

ಮಂಚದ ಮೇಲೆ ಅವನ ತಾಯಿ ಬನಶಂಕರಮ್ಮ. ಊದಿದ ಪಾದವನ್ನು ದಿಂಬಿನ ಮೇಲೆ ಎತ್ತಿಡಬೇಕು. ಹೇಳಿದ್ದಕ್ಕೆಲ್ಲ "ಆಯ್ತು ಕಣಮ್ಮ" ಎನ್ನುವಳು. ನರ್ಸು ಬೆನ್ನು ತಿರುಗಿಸಿದೊಡನೆ ಕಾಲು ಕೆಳಗೆ!

ಮುದುಕಿಯ ತಲೆಯ ಮೇಲೆ ಇಬ್ಬರ ಜಗಳವೋ ಜಗಳ. ಅವಳನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಹೇಗೆ ಕೇಳಿಯಾರು? ಇಬ್ಬರೂ ಎಲ್ಲ ಬಲ್ಲವರು!

ಆ ಸಂಜೆ ಡಾಕ್ಟರು ಕಟ್ಟು ಬಿಚ್ಚಿ ನೋಡಿ ಮುಖ ಸಿಂಡರಿಸಿದರು. "ಊತ ಇಳೀತಿಲ್ಲ. ಹಿಂಗೇ ಇದ್ರೆ ಪಾದ ಉಳಿಯೋದು ಕಷ್ಟ."

ವೆಂಕಟೇಶಪ್ಪ ತಾಯಿಯ ಮೇಲೆ ಹರಿಹಾಯ್ದ. "ಹಠಮಾರಿ! ಕಾಲು ಕಳ್ಕಂಡು ಮೂಲೇಲಿ ಬಿದ್ದಿರ್ತೀಯಾ?"

ಗಂಗಾದೇವಿ ಬೆಚ್ಚಿದಳು. ಬೆಳಿಗ್ಗೆ ತಾನು ಗದರಿದ ದನಿಯೇ ಅದು! ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟು ಹೊಲಸು...

ಅವನನ್ನು ಹೊರಗೆ ಕಳಿಸಿ, ಸ್ಟೂಲು ಎಳೆದುಕೊಂಡು ಕುಳಿತು, ಮುದುಕಿಯ ಕೈ ಹಿಡಿದಳು.

"ಅವ್ವಾ, ಕಾಲು ಮ್ಯಾಲಿಟ್ರೆ ನೋಯ್ತದಾ?"

"ನೋವಲ್ಲ ನನ್ ತಾಯಿ..."

ನಡುವೆ ಬಾಯಿ ಹಾಕಲು ತವಕಿಸುತ್ತಿದ್ದ ನಾಲಿಗೆಯನ್ನು ಗಂಗಾದೇವಿ ಕಚ್ಚಿ ಹಿಡಿದು ಕಾದಳು. ಮುದುಕಿಯ ನೋಟ ಮೆಲ್ಲಗೆ ಎದುರು ಗೋಡೆಗೆ ಹೋಯಿತು. ಅಲ್ಲಿ, ಕುಂಕುಮ ಹಚ್ಚಿದ ಚೌಡೇಶ್ವರಿಯ ಪಟ!

"ಮನೆದೇವ್ರ ಮಕಕ್ಕೆ ಕಾಲು ಚಾಚು ಅಂತೀರಲ್ಲಮ್ಮ. ಕಾಲು ಹೋದ್ರೆ ಹೋಗ್ಲಿ... ಆಯಮ್ಮನ ಕಡೆ ಅಂಗಾಲು ತೋರಿದ ಪಾಪ ಎಲ್ಲಿ ತೊಳೀಲಿ?"

"ಯಾಕವ್ವಾ ಹೇಳ್ಲಿಲ್ಲ?"

"ಯಾರು ಕೇಳಿದ್ರಿ?"

ಗಂಗಾದೇವಿಗೆ ಕೆನ್ನೆಗೆ ಬಾರಿಸಿದಂತಾಯಿತು. ವೆಂಕಟೇಶಪ್ಪನನ್ನು ಕೂಗಿದಳು. ಇಬ್ಬರೂ ಸೇರಿ ಮಂಚವನ್ನೇ ತಿರುಗಿಸಿದರು. ತಲೆ ದೇವಿಯ ಕಡೆಗಾಯಿತು. ಕಾಲು ನಿಶ್ಚಿಂತೆಯಿಂದ ದಿಂಬೇರಿತು.

"ಹೊಟ್ಟೇಲಿ ಹುಟ್ಟಿದ ಮಗ, ಇಷ್ಟೂ ಹೊಳೀಲಿಲ್ವಾ?"

"ಎಲ್ಲಾ ಬಲ್ಲ ಸಿಸ್ಟರಮ್ಮ, ನಿಮಗೆ ಹೊಳೀತಾ?"

ಇಬ್ಬರೂ ತಲೆ ತಗ್ಗಿಸಿದರು. ಆಮೇಲೆ... ನಕ್ಕುಬಿಟ್ಟರು!

ದಿನದಿನಕ್ಕೆ ಊತ ಇಳಿಯಿತು, ಇಬ್ಬರ ಜಗಳಕ್ಕೆ ನಗು ಬೆರೆಯಿತು. ಪಾದ ಉಳಿಯಿತು. ಗಂಗಾದೇವಿ ರಜೆಗೆಂದು ಕಲ್ಯಾಣದುರ್ಗದ ತವರಿಗೆ ಹೋದಾಗ, ಬನಶಂಕರಮ್ಮ ಮಗನೊಡನೆ ಹೆಣ್ಣು ಕೇಳಲು ಬಂದಳು. ತನ್ನ ಕಾಲ ಮೇಲೆ ತಾನೇ ನಡೆದು!

ಗಂಗಾದೇವಿಯ ತಂದೆ ಸುಬ್ಬರಾಯಪ್ಪ ಮೀಸೆ ತಿರುವಿದರು. "ನಮ್ಮ ಹುಡುಗಿ ಒಪ್ತಾಳೆ ಬಿಡಪ್ಪ. ನನ್ನ ಮಗಳ ಮನಸು ನಂಗೆ ಗೊತ್ತಿಲ್ವಾ?"

"ಹಂಗಂದೇ ನಾನು ನಮ್ಮವ್ವನ ಕಾಲು ಕಳೀತಿದ್ದೆ ಮಾವಾ," ಎಂದ ವೆಂಕಟೇಶಪ್ಪ. "ಅವರನ್ನೇ ಕೇಳ್ತೀನಿ."

ಜಗುಲಿಯ ಕಂಬಕ್ಕೊರಗಿ ನಿಂತಿದ್ದ ಅವಳ ಮುಂದೆ ಬಂದು ನಿಂತ.

"ನಿಮ್ಮ ಮನಸಲ್ಲಿ ಏನೈತೆ, ಗಂಗಾದೇವಿ?"

ಅವನು ಕಾದ... ಅವಸರಿಸದೆ, ಅವಳ ಪರವಾಗಿ ತಾನೇ ಉತ್ತರಿಸದೆ.

"ಇಷ್ಟು ಹೊತ್ತು ಬಾಯಿ ಮುಚ್ಕಂಡಿರೋಕೆ ಬತ್ತದಾ ನಿಮಗೆ?"

"ಕತ್ತಲಾಗೋಗಂಟ ಇರ್ತೀನಿ."

"ಅಷ್ಟೊತ್ತು ಬ್ಯಾಡ." ಅವಳು ಕಂಬ ಬಿಟ್ಟು ಮುಂದೆ ಬಂದಳು. "ನಂಗೆ... ನೀವು ಬೇಕು."