ಗುಂಡಿ ಹೊಲಿಸಲು ಬಂದವನು

ಗುಂಡಿ ತಾನಾಗಿ ಬಿದ್ದಿರಲಿಲ್ಲ. ಯಾರೋ ಅದನ್ನು ಕತ್ತರಿಸಿದ್ದರು.

ಸಿಐಡಿ ಶರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಸವೆದು ಉದುರಿದ ಗುಂಡಿಯಾದರೆ ದಾರದ ತುದಿ ಕೆದರಿಕೊಂಡಿರುತ್ತದೆ. ಇಲ್ಲಿ ಎಲ್ಲ ಎಳೆಗಳೂ ಬ್ಲೇಡಿನಲ್ಲಿ ಕೊಯ್ದ ಹಾಗೆ ಸಮವಾಗಿದ್ದವು. ಅಜ್ಜಿಯ ಹೊಲಿಗೆ ಅಂಗಡಿಯಲ್ಲೇ ಆಡಿ ಬೆಳೆದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಸಿಐಡಿ ಅಂದರೆ ಅವಳ ನಿಜವಾದ ಹೆಸರಲ್ಲ. ಪಕ್ಕದ ಪುಸ್ತಕದಂಗಡಿಯಲ್ಲಿ ರಬ್ಬರು ಕದಿಯುತ್ತಿದ್ದದ್ದು ಇಲಿ ಎಂದು ಅವಳು ಪತ್ತೆ ಮಾಡಿದ ಮೇಲೆ ಅಂಗಡಿಯವನು ಇಟ್ಟ ಹೆಸರು. ಈಗ ಐದನೇ ಕ್ಲಾಸಿನ ಟೀಚರ್ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆಯುತ್ತಿದ್ದರು.

ಶರ್ಟು ತಂದವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಮಾತಾಡಿಸಿದರೆ ಬಲಗಿವಿಯನ್ನು ಮುಂದೆ ತರುತ್ತಿದ್ದ. ಐದು ದಿನದಲ್ಲಿ ಇದು ಮೂರನೇ ಸಲ ಬಂದದ್ದು. ಸೋಮವಾರ ಪ್ಯಾಂಟು ಉದ್ದವಾಯಿತು ಎಂದು ತಂದ. ಸಿಐಡಿ ಟೇಪು ಹಿಡಿದು ನೋಡಿದ್ದಳು, ಪ್ಯಾಂಟು ಅವನ ಅಳತೆಗೆ ಸರಿಯಾಗಿಯೇ ಇತ್ತು. ಬುಧವಾರ ಬ್ಯಾಗಿನ ಜಿಪ್ಪು ಕೆಟ್ಟಿದೆ ಎಂದ. ಜಿಪ್ಪು ಬೆಣ್ಣೆಯ ಹಾಗೆ ಜಾರುತ್ತಿತ್ತು. ಇವತ್ತು ಶುಕ್ರವಾರ, ಗುಂಡಿ.

ಇನ್ನೊಂದು ವಿಷಯವಿತ್ತು. ಅಂಗಡಿಗೆ ಬಂದವರೆಲ್ಲ ಮೊದಲು ಗೋಡೆಯ ಫೋಟೋ ನೋಡುತ್ತಿದ್ದರು. ಸಮವಸ್ತ್ರ ತೊಟ್ಟು, ನಗು ತಡೆದುಕೊಂಡು ನಿಂತ ಮಾವನ ಫೋಟೋ. ನೋಡಿ, "ಛೆ, ಎಂಥ ವಯಸ್ಸು," ಎನ್ನುತ್ತಿದ್ದರು. ಇವನು ಮಾತ್ರ ಮೂರು ಸಲವೂ ಅದಕ್ಕೆ ಬೆನ್ನು ಹಾಕಿಯೇ ಕೂತಿದ್ದ. ಅದರ ಮೇಲೆ, ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ವಿಚಾರಿಸಿದ್ದ. ಇಂಥ ಪ್ರಶ್ನೆ ಯಾರು ಕೇಳುತ್ತಾರೆ?

ಸಿಐಡಿ ನಿನ್ನೆಯೇ ಅಜ್ಜಿಯನ್ನು ಎಚ್ಚರಿಸಿದ್ದಳು. ಅಜ್ಜಿ ಕನ್ನಡಕ ಒರೆಸುತ್ತಾ, ರಿಪೇರಿಗೆ ಬರುವವರೆಲ್ಲ ಕಳ್ಳರಾದರೆ ತಾನು ಕಳ್ಳರ ಗುರುವೇ ಆಗಬೇಕಾಯಿತು ಎಂದು ನಕ್ಕು ಸುಮ್ಮನಾಗಿದ್ದಳು. ಈಗಲೂ ಅಷ್ಟೇ. ಸೂಜಿಗೆ ದಾರ ಪೋಣಿಸಲು ಎಷ್ಟು ಹೊತ್ತು! ಕಣ್ಣು ಮುಚ್ಚಿಕೊಂಡು ಗುಂಡಿ ಹಾಕುವ ಅಜ್ಜಿ ಇವನು ಬಂದಾಗಲೆಲ್ಲ ಬಸವನಹುಳುವಾಗಿಬಿಡುತ್ತಿದ್ದಳು. ಸಿಐಡಿಗೆ ಅಜ್ಜಿಯ ಮೇಲೂ ಅನುಮಾನ ಶುರುವಾಯಿತು.

ಅವನ ಮೇಲಿನ ಅನುಮಾನಕ್ಕಂತೂ ಕಾರಣವಿಲ್ಲದೆ ಇರಲಿಲ್ಲ. ಮಾವ ಅಮ್ಮನ ತಮ್ಮ. ಇಪ್ಪತ್ಮೂರು ವರ್ಷ. ಯಾರದೋ ದೇಶದಲ್ಲಿ ಎರಡು ಕಡೆಯವರು ಹೊಡೆದಾಡುತ್ತಿದ್ದರು. ನಡುವೆ ನಿಂತು ಬಿಡಿಸಲೆಂದು ಸೈನ್ಯ ಅವನನ್ನು ಕಡಲಾಚೆ ಕಳಿಸಿತ್ತು. ಎರಡು ವರ್ಷದ ಹಿಂದೆ, ರಸ್ತೆಯಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಅವನ ಗಾಡಿ ಹೋಯಿತು. ಆಮೇಲೆ ಎಲ್ಲಿಂದಲೋ ಗೆಳೆಯರು ಹುಟ್ಟಿಕೊಂಡರು. ಒಬ್ಬ, ನನಗೇ ಕೊಡುತ್ತೇನೆ ಅಂದಿದ್ದ ಎಂದು ಮಾವನ ಸೈಕಲ್ ಹೊಡೆದುಕೊಂಡು ಹೋದ. ಇನ್ನೊಬ್ಬ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಆಲ್ಬಮ್ ಒಯ್ದವನು ಪತ್ತೆಯೇ ಇಲ್ಲ. ಆಲ್ಬಮ್ ಇನ್ನು ಬರುವುದಿಲ್ಲ ಎಂದು ಖಾತ್ರಿಯಾದ ದಿನ ಅಮ್ಮ ಊಟ ಮಾಡಿರಲಿಲ್ಲ.

ಸಿಐಡಿ ಶರ್ಟು ಹಿಡಿದು ನೇರ ಅವನ ಮುಂದೆ ನಿಂತಳು.

"ಈ ಗುಂಡಿ ನೀವೇ ಕತ್ತರಿಸಿದ್ದು."

ಅವನು ಬಲಗಿವಿ ಮುಂದೆ ತಂದ. ಕೇಳಿಸಲಿಲ್ಲವೋ, ನಾಟಕವೋ. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು.

"ಹೌದು," ಎಂದ ಅವನು.

"ಜಿಪ್ಪು?"

"ಅದೂ ಸರಿಯಾಗೇ ಇತ್ತು."

"ಮತ್ತೆ ಯಾಕೆ ಬರ್ತೀರಿ ಇಲ್ಲಿಗೆ?"

ಅವನು ತನ್ನ ಬೆರಳುಗಳನ್ನೇ ನೋಡುತ್ತಾ ಕೂತ. ಅಜ್ಜಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

"ನಿಧಾನವಾಗಿ ಹೇಳಪ್ಪ," ಎಂದಳು. "ಅವಸರ ಏನಿಲ್ಲ."

"ನಾನೂ ಅಲ್ಲೇ ಇದ್ದೆ ಅಮ್ಮ. ನಿಮ್ಮ ಮಗನ ಜೊತೆ. ಅದೇ ಗಾಡಿಯಲ್ಲಿ."

ಸಿಐಡಿಗೆ ಸೈಕಲ್ ನೆನಪಾಯಿತು. ಇವನೂ ಅಂಥವನೇ ಇರಬಹುದು. ಫೋಟೋ ನೋಡಿ ಯಾರು ಬೇಕಾದರೂ ಹಾಗೆನ್ನಬಹುದು. ಮನೆಯವರನ್ನು ಬಿಟ್ಟು ಇನ್ಯಾರಿಗೂ ಉತ್ತರ ತಿಳಿಯದ ಒಂದು ಪ್ರಶ್ನೆ ಹುಡುಕಿದಳು.

"ಮಾವ ನಿದ್ದೇಲಿ ಏನು ಮಾಡ್ತಿದ್ದ?"

ಅವನ ಮುಖ ಮೊದಲ ಸಲ ಸಡಿಲವಾಯಿತು. "ಹಲ್ಲು ಕಡೀತಿದ್ದ. ಜಲ್ಲಿ ಮೆಷಿನ್ ಓಡಿದ ಹಾಗೆ. ಎಂಟು ಜನರ ಟೆಂಟಲ್ಲಿ ಯಾರೂ ಅವನ ಪಕ್ಕ ಮಲಗ್ತಿರಲಿಲ್ಲ. ಕೊನೇಲಿ ಬಂದೋನು ನಾನು, ನನಗೆ ಸಿಕ್ಕಿದ್ದೇ ಆ ಜಾಗ."

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಸಿಐಡಿಗೆ ತಿಳಿಯಲಿಲ್ಲ.

ಸೆರಗು ಇಳಿಸಿ ಅಜ್ಜಿ ಕೇಳಿದಳು. "ಮಿಲಿಟರಿಯಿಂದ ಬಂದ ಕಾಗದದಲ್ಲಿ, ತಕ್ಷಣ ಹೋದ, ನೋವಾಗಲಿಲ್ಲ ಅಂತ ಬರೆದಿದ್ರು. ಎಲ್ಲರಿಗೂ ಹಾಗೇ ಬರೀತಾರೇನೋ ಅಂತ ಎರಡು ವರ್ಷದಿಂದ ನನಗೊಂದು ಅನುಮಾನ."

ಅನುಮಾನ ಪಡುವುದು ತಾನೊಬ್ಬಳೇ ಎಂದುಕೊಂಡಿದ್ದ ಸಿಐಡಿ ಅಜ್ಜಿಯ ಕಡೆ ತಿರುಗಿದಳು.

"ತಕ್ಷಣ ಅಲ್ಲ ಅಮ್ಮ," ಎಂದ ಅವನು. "ಹೆಲಿಕಾಪ್ಟರ್ ಬರೋಕೆ ನಲವತ್ತು ನಿಮಿಷ ಆಯ್ತು. ಅದು ಅರ್ಧ ದಾರಿಗೆ ಬಂದಿತ್ತೋ ಏನೋ, ಅಷ್ಟರಲ್ಲೇ ಹೋದ. ಅಲ್ಲಿವರೆಗೂ ನಾನು ಅವನ ಕೈ ಹಿಡ್ಕೊಂಡಿದ್ದೆ. ಅವನು ಏನೋ ಹೇಳ್ತಿದ್ದ, ತುಟಿ ಅಲ್ಲಾಡ್ತಿತ್ತು. ಆ ಸದ್ದಿಗೆ ನನ್ನ ಎರಡೂ ಕಿವಿ ಮುಚ್ಚಿಹೋಗಿತ್ತು. ಒಂದು ಆಮೇಲೆ ಬಂತು. ಆದ್ರೆ ಆವತ್ತು ನನಗೆ ಏನೂ ಕೇಳಿಸಲಿಲ್ಲ. ನೀವು ಮೊದಲು ಕೇಳೋದೇ ಅದನ್ನ, ಕೊನೆಗೆ ಏನಂದ ಅಂತ. ಅದೇ ನನ್ನ ಹತ್ರ ಇಲ್ಲ. ಬರಿಗೈಲಿ ಹೇಗೆ ಬರಲಿ? ಬಾಗಿಲ ತನಕ ಬಂದ್ರೂ ಬಾಯಿ ಬರ್ತಿರಲಿಲ್ಲ."

ಸಿಐಡಿ ಅವನನ್ನೇ ನೋಡಿದಳು. ಸುಳ್ಳು ಹೇಳುವವನಾಗಿದ್ದರೆ ಇಲ್ಲಿ ಏನಾದರೂ ಚೆಂದದ ಮಾತು ಕಟ್ಟುತ್ತಿದ್ದ. ಅಮ್ಮನನ್ನು ನೆನೆಸಿಕೊಂಡ, ಅಕ್ಕನ ಮಗಳನ್ನು ನೆನೆಸಿಕೊಂಡ ಎನ್ನುತ್ತಿದ್ದ. ಅವಳು ನಂಬಿಬಿಡುತ್ತಿದ್ದಳು ಕೂಡ. ಕೇಳಿಸಲಿಲ್ಲ ಎನ್ನಲು ಇವನು ಎರಡು ವರ್ಷ ತೆಗೆದುಕೊಂಡಿದ್ದ. ಅವಳು ಶರ್ಟನ್ನು ಮೆಲ್ಲಗೆ ಮಡಚಿ ಮೇಜಿನ ಮೇಲಿಟ್ಟಳು.

"ಒಬ್ಬನೇ ಇರಲಿಲ್ಲ ತಾನೇ?" ಅಜ್ಜಿ ಕೇಳಿದಳು.

"ಇರಲಿಲ್ಲ ಅಮ್ಮ."

"ಹಾಗಾದ್ರೆ ಬರಿಗೈ ಯಾಕಾಗುತ್ತೆ?" ಎಂದು ಅಜ್ಜಿ ಎದ್ದು ಅವನ ತಲೆಯ ಮೇಲೆ ಕೈಯಿಟ್ಟಳು. ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಅತ್ತ.

ಅವನು ಮುಖ ತೊಳೆಯಲು ಹಿಂದಿನ ನಲ್ಲಿಗೆ ಹೋದಾಗ ಅಜ್ಜಿ ಹೇಳಿದಳು. ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತಂತೆ. "ಗೊತ್ತಿಲ್ದೋರು ಆ ಫೋಟೋ ನೋಡ್ತಾರೆ. ಅದನ್ನ ನೋಡೋಕೇ ಆಗ್ದೋನು ಅಂದ್ರೆ, ಅವನನ್ನ ಚೆನ್ನಾಗಿ ಬಲ್ಲೋನೇ ಆಗಿರ್ಬೇಕು."

ಅದೇ ಸುಳಿವು ಸಿಐಡಿಗೂ ಸಿಕ್ಕಿತ್ತು. ಅವಳಿಗೆ ಅದರಲ್ಲಿ ಕಳ್ಳ ಕಂಡಿದ್ದ.

"ಅಮ್ಮಂಗೆ ನಾನೇ ಹೇಳ್ತೀನಿ," ಎಂದಳು. ಪತ್ತೆ ಮಾಡಿದ್ದು ತಾನಲ್ಲವೇ? ಅಜ್ಜಿ ಅವಳನ್ನು ಒಂದು ಕ್ಷಣ ನೋಡಿ, ಆಗಲಿ ಎಂದು ತಲೆಯಾಡಿಸಿದಳು.

ಐದು ನಿಮಿಷಕ್ಕೆ ಅಮ್ಮ ಬಂದಳು. ಬಸ್ ಡ್ರೈವರಿನ ಖಾಕಿ, ಸ್ಟಿಯರಿಂಗ್ ತಿರುಗಿಸಿ ದಣಿದ ತೋಳು. ಸಿಐಡಿ ಓಡಿ ಹೋಗಿ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು? ಟೆಂಟಿನಿಂದಲೇ? ಹೆಲಿಕಾಪ್ಟರಿನಿಂದಲೇ?

"ಇವತ್ತು ಬಸ್ಸಲ್ಲಿ ರಶ್ ಇತ್ತಾ ಅಮ್ಮ?"

"ಇತ್ತು."

"ಚೀಲ ಕೊಡು, ಒಳಗಿಡ್ತೀನಿ."

ಅಮ್ಮ ಹುಬ್ಬು ಗಂಟಿಕ್ಕಿದಳು. "ಏನೋ ಮುಚ್ಚಿಡ್ತಿದ್ದೀಯ ನೀನು. ಏನು ಮುರಿದೆ?"

"ಏನೂ ಮುರಿದಿಲ್ಲ. ನೀರು ಬೇಕಾ ನಿಂಗೆ?"

ಹೇಳಬೇಕಾದದ್ದು ಒಂದು, ಬಾಯಿಗೆ ಬರುತ್ತಿದ್ದುದೆಲ್ಲ ಬೇರೆ. ಹಿಂದಿನ ಬಾಗಿಲಲ್ಲಿ ಅವನು ಒದ್ದೆ ಮುಖದಲ್ಲೇ ನಿಂತು, ಸಿಐಡಿಯ ಪಾಡನ್ನು ನೋಡುತ್ತಿದ್ದ. ಅವಳೂ ಅವನನ್ನು ನೋಡಿದಳು. ಅಜ್ಜಿ ಅವಸರ ಮಾಡಲಿಲ್ಲ.

ಸಿಐಡಿ ಸ್ಟೂಲನ್ನು ಅಮ್ಮನ ಹತ್ತಿರಕ್ಕೆ ಎಳೆದು, ಅವಳ ಕೈ ಹಿಡಿದುಕೊಂಡಳು.

"ಅಮ್ಮ," ಎಂದಳು, "ಮೊದಲು ಕೂತ್ಕೋ."