ದುದ್ದದ ವಿಜಯಮ್ಮನ ಕೂಗು

ಇಂಥದ್ದನ್ನು ಹೇಳಲು ಹೊರಟಿದ್ದಕ್ಕೆ ಕ್ಷಮೆಯಿರಲಿ; ನಾನೇ ಇನ್ನೂ ಪೂರ್ತಿ ನಂಬಿಲ್ಲ.

2006ರಲ್ಲಿ ಗಿರಿಧರ ಅವರು ಹಾಸನದಲ್ಲಿ ಮೊಬೈಲ್ ಗೇಮ್ ತಯಾರಿಸುವ ಪುಟ್ಟ ಸ್ಟುಡಿಯೋ ನಡೆಸುತ್ತಿದ್ದರು. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತಿದ್ದ ನನಗೆ ಅಲ್ಲಿ ಆಟಗಳಿಗೆ ಧ್ವನಿ ಸೇರಿಸುವ ಕೆಲಸ. ದನ ಕಾಯುವ ಆಟವೊಂದಕ್ಕಾಗಿ, ಹತ್ತಿರದ ದುದ್ದ ಎಂಬ ಊರಿನ ವಿಜಯಮ್ಮ ಹೊತ್ತು ಮುಳುಗುವಾಗ ತಮ್ಮ ಹಸುವನ್ನು ಕೂಗುವುದನ್ನು ರೆಕಾರ್ಡ್ ಮಾಡಿದ್ದೆ: "ಬಾರವ್ವ ಕೆಂಪೀ, ಬಾ."

ಸ್ವಲ್ಪ ದಿನಕ್ಕೆ ಅವರು ತೀರಿಕೊಂಡರು. ಮಗಳು ಲತಾ ಕೇಳಿಕೊಂಡಿದ್ದರಿಂದ ಆ ಧ್ವನಿಯನ್ನು ಅಳಿಸಿಹಾಕಿದೆ. ಆದರೂ ದೀಪ ಹಚ್ಚುವ ಹೊತ್ತಿಗೆ ಆಟವಿದ್ದ ಫೋನುಗಳೆಲ್ಲ ಅವರದೇ ದನಿಯಲ್ಲಿ ಕೂಗುತ್ತಿದ್ದವು. ಮುಟ್ಟಿದರೆ ನೊರೆಹಾಲಿನ ಚೊಂಬಿನಷ್ಟು ಬೆಚ್ಚಗಿರುತ್ತಿದ್ದವು.

"ಸರಿಯಾಗಿ ಅಳಿಸಿದೀಯೇನಯ್ಯಾ? ಈ ಒಂದು ಆಟದ ಮೇಲೆ ಸ್ಟುಡಿಯೋ ನಿಂತಿದೆ," ಎಂದರು ಗಿರಿಧರ.

ನನ್ನ ಮೇಲೆ ನನಗೇ ಅನುಮಾನ ಬಂದು, ಇಡೀ ಆಟವನ್ನು ಹೊಸದಾಗಿ ಮಾಡಿದೆ. ಕೂಗು ನಿಲ್ಲಲಿಲ್ಲ. ಆಟವನ್ನು ಕೊಳ್ಳಬೇಕಿದ್ದ ಕಂಪನಿ ಬೇಡವೆಂದಿತು, ಸ್ಟುಡಿಯೋ ಮುಚ್ಚಿತು.

ಸಾಮಾನು ಕಟ್ಟುತ್ತಿದ್ದ ಸಂಜೆ ಲತಾ ಬಂದರು.

"ಅವ್ವ ಇನ್ನೂ ಕೂಗ್ತಾಳಂತಲ್ಲ ಸಾ? ತಿಥಿ ಆದ್ರೂ ಇದ್ರಾಗೇ ಕಟ್ಟಾಕಿದೀರಾ?"

ಬ್ಯಾಟರಿ ತೆಗೆದಿಟ್ಟಿದ್ದ ಫೋನುಗಳ ಡಬ್ಬ ತೆರೆದು ತೋರಿಸಿದೆ. ಅದರೊಳಗಿಂದ ದನಿ ಬಂತು: "ಬಾರವ್ವ ಚುಕ್ಕೀ, ಬಾ."

ಲತಾ ಡಬ್ಬದ ಮೇಲೆ ಬಗ್ಗಿದರು. "ಕೆಂಪಿ ಇವತ್ತು ಕರ ಆಕ್ತು ಸಾ. ಚುಕ್ಕಿ ಅಂತ ಎಸ್ರಿಟ್ಟು ಸೀದಾ ಬಸ್ ಅತ್ತಿದೀನಿ. ಯಾರ್ಗೂ ಏಳಿಲ್ಲ ಕಣ ಸಾ."

ವಿಜಯಮ್ಮನ ಬಾಯಿಂದ ನಾನು ರೆಕಾರ್ಡ್ ಮಾಡಿದ್ದು ಕೆಂಪಿಯ ಹೆಸರೊಂದನ್ನೇ. ಆ ಕರುವಿನ ಹೆಸರನ್ನು ಅವರಿಗೆ ಯಾರು ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.